ಎತ್ತಿಗೂ ಒಂದು ವಾರ

ಚಂದ್ರಂಪಳ್ಳಿ ಜಲಾಶಯದಿಂದ ಸೇಡಂ ಕಡೆ ಹೊರಟರೆ ತೊಗರಿ ಹೊಲಗಳು. ಈ ಸೀಮೆಯ ಹಳೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಗಳೆ ಹೂಡುವುದಿಲ್ಲ. ಅದು ಬಸವಣ್ಣನ ವಾರ. ನೆಲ ಹದಕ್ಕೆ ಬಂದಿದ್ದರೂ ಸರಿ, ಎತ್ತಿನ ಹೆಗಲಿಗೆ ಆ ದಿನ ನೊಗವಿಲ್ಲ.

ಈಗ ಯಹೂದಿಗಳ ವಾರದ ಬಿಡುವಿನ ದಿನವಾದ ಶಬ್ಬಾತ್‌ನ ಆಜ್ಞೆಯನ್ನು ಓದಿ ನೋಡಿ! ಏಳನೆಯ ದಿನ ಯಾರು ಯಾರು ದುಡಿಯಬಾರದು? ನೀನು, ಮಗ, ಮಗಳು, ಆಳು, ಊರಿಗೆ ಬಂದ ಪರದೇಶಿ. ಅಷ್ಟಕ್ಕೇ ನಿಂತಿಲ್ಲ. ಎತ್ತು, ಕತ್ತೆ! ದಶಾಜ್ಞೆಯಂಥ ದಶಾಜ್ಞೆಯಲ್ಲಿ, ದೇವರ ಬಾಯಲ್ಲಿ, ಎತ್ತಿನ ಹೆಸರು!

ಕಾರಣವನ್ನು ಯಹೂದಿಗಳ ಧರ್ಮಗ್ರಂಥ ತೋರಾ ಎರಡು ಕಡೆ ಎರಡು ಬಗೆಯಾಗಿ ಹೇಳುತ್ತದೆ. ಆರು ದಿನ ಸೃಷ್ಟಿಸಿ ದೇವರೇ ಕೆಲಸ ಬಿಟ್ಟು ಕೂತ, ಇದು ಒಂದು. ಈಜಿಪ್ಟಿನಲ್ಲಿ ನೀವೇ ಗುಲಾಮರಾಗಿದ್ದಿರಿ, ಮರೆಯಬೇಡಿ, ಇದು ಇನ್ನೊಂದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯದು. ಗುಲಾಮನಿಗೆ ವಾರವೇ ಇಲ್ಲ. ಕೆಲಸ ನಿಲ್ಲಿಸಬಲ್ಲವನೇ ಸ್ವತಂತ್ರ. ಸ್ವತಂತ್ರನಾದವನು ತನ್ನ ಆಳನ್ನೂ ಎತ್ತನ್ನೂ ಬಿಡಲೇಬೇಕು.

ಶುಕ್ರವಾರ ಹೊತ್ತು ಮುಳುಗುವ ಮುನ್ನ ಮನೆಯಾಕೆ ದೀಪ ಹಚ್ಚುತ್ತಾಳೆ. ಶನಿವಾರ ಸಂಜೆ ಮೂರು ನಕ್ಷತ್ರ ಕಾಣುವವರೆಗೆ 39 ಬಗೆಯ ಕೆಲಸ ನಿಷಿದ್ಧ. ಪಟ್ಟಿಯ ಆರಂಭ ನೋಡಿ: ಬಿತ್ತುವುದು, ಉಳುವುದು, ಕೊಯ್ಯುವುದು, ಒಕ್ಕುವುದು, ತೂರುವುದು. ಎಲ್ಲವೂ ನಮ್ಮ ಹೊಲ, ನಮ್ಮ ಕಣ! ಆ ದಿನ ಮನುಷ್ಯನೊಳಗೆ ಇನ್ನೊಂದು ಆತ್ಮ ಬಂದು ಸೇರುತ್ತದೆ ಎನ್ನುತ್ತದೆ ಯಹೂದಿ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್. ಜೆರುಸಲೇಮಿನ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದರು. ಶಬ್ಬಾತನ್ನು ಕೆಡವುವುದು ಯಾರ ಕೈಲಾದೀತು? ಯಹೂದಿ ಚಿಂತಕ ಅಬ್ರಹಾಂ ಜೋಶುವಾ ಹೆಶೆಲ್ 1951ರಲ್ಲಿ ಬರೆದ ‘ದಿ ಸಬ್ಬತ್’ ಪುಸ್ತಕದ ಜೀವಾಳ ಇದೇ: ಇಲ್ಲಿ ಪವಿತ್ರವಾದದ್ದು ಜಾಗಕ್ಕಿಂತ ಮೊದಲು ಕಾಲ. ಶಹಾಬಾದ್ ಕಲ್ಲನ್ನು ನಾಡಿಗೆಲ್ಲ ಹಾಸಿದ ಸೀಮೆಯಲ್ಲಿ ನಿಂತು ಯೋಚಿಸಿ, ಕಲ್ಲೇ ಇಲ್ಲದ ಗುಡಿ!

ಇದು ದೂರದ ಮಾತೂ ಅಲ್ಲ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ತೆಗೆಯುವವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ಶನಿವಾರ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆದರು. ವಚನಕಾರ ಬಸವಣ್ಣನವರು ಬಾಳಿದ ಅದೇ ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ಕಾಗದಪತ್ರಗಳು ಕೈರೋದಲ್ಲಿ ಸಿಕ್ಕಿವೆ.

ತೋರಾದಲ್ಲಿ ಇನ್ನೂ ಒಂದಿದೆ. ಏಳನೆಯ ವರ್ಷ ಭೂಮಿಗೇ ಬಿಡುವು: ಬಿತ್ತುವಂತಿಲ್ಲ, ತಾನಾಗಿ ಬೆಳೆದದ್ದು ಬಡವರಿಗೆ, ಕಾಡುಮೃಗಗಳಿಗೆ. ಇಸ್ರೇಲಿನಲ್ಲಿ ಇಂದಿಗೂ ಇದನ್ನು ಪಾಲಿಸುವ ರೈತರಿದ್ದಾರೆ. ಕಳೆದ ಬಿಡುವಿನ ವರ್ಷ 2021-22. ಮುಂದಿನದು 2028ರ ಸೆಪ್ಟೆಂಬರಿನಲ್ಲಿ ಶುರು.