ಬೆಳಕನ್ನು ಒಡೆದ ಚಿತ್ರಕಾರ

ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಿಗೆ ಕಲ್ಕತ್ತೆಯಲ್ಲಿ ಚಿತ್ರಕಲೆಯ ಗುರುಗಳಾಗಿದ್ದವರು ಅವನೀಂದ್ರನಾಥ ಠಾಕೂರರು. ೧೮೬೭ರಲ್ಲಿ ಜನಿಸಿದ ಅವರ ಅಣ್ಣ ಗಗನೇಂದ್ರನಾಥರ ಹೆಸರನ್ನು ಕನ್ನಡಿಗರು ಕೇಳಿರುವುದು ಕಡಮೆ. ಆಂಗ್ಲವೇಷದ ಬಾಬುಗಳನ್ನು ವ್ಯಂಗ್ಯಚಿತ್ರಗಳಲ್ಲಿ ಚೆನ್ನಾಗಿ ಕುಟುಕಿದ ಈ ಮಹನೀಯರು, ಐವತ್ತು ದಾಟಿದ ಮೇಲೆ ಪ್ಯಾರಿಸ್ಸಿನ ಕ್ಯೂಬಿಸಂ ಪಂಥದತ್ತ ಹೊರಳಿದರು.

ಪಿಕಾಸೊ, ಬ್ರಾಕ್ ಮೊದಲಾದವರು ಗಿಟಾರು, ಸೀಸೆಗಳನ್ನು ಕೋನಕೋನವಾಗಿ ಒಡೆದು, ಹಲವು ದಿಕ್ಕಿನ ನೋಟವನ್ನು ಒಮ್ಮೆಗೇ ತೋರಿದರು. ಗಗನೇಂದ್ರರ ಕೈಯಲ್ಲಿ ಒಡೆದದ್ದು ಬೆಳಕು. ಮೆಟ್ಟಿಲು, ಕಂಬ, ಅರೆತೆರೆದ ಬಾಗಿಲುಗಳ ನಡುವೆ ಅದು ಸ್ಫಟಿಕದ ಚೂರುಗಳಂತೆ ಹರಡಿಕೊಳ್ಳುತ್ತದೆ.

೧೯೨೨ರಲ್ಲಿ ಸ್ಟೆಲ್ಲಾ ಕ್ರಾಮ್‌ರಿಶ್ ಇವರನ್ನು ಭಾರತದ ಕ್ಯೂಬಿಸ್ಟ್ ಎಂದು ಕರೆದರು. ಮುಂದೆ ಆಂಗ್ಲ ವಿಮರ್ಶಕ ಆರ್ಚರ್ ಇದೆಲ್ಲ ಅನುಕರಣೆಯೆಂದು ತಳ್ಳಿಹಾಕಿದರು. ಆ ತೀರ್ಪನ್ನು ನಾನಂತೂ ಒಪ್ಪಲಾರೆ. ಪ್ಯಾರಿಸ್ಸಿನ ಆ ಕಂದು-ಬೂದಿ ಚಿತ್ರಗಳಲ್ಲಿ ಕಥೆಗೆ ಎಡೆಯಿಲ್ಲ; ಇಲ್ಲಿಯೋ, ಬಾಗಿಲ ಹಿಂದೆ ಯಾರೋ ನಿಂತಿರುವಂತೆ ಭಾಸವಾಗುತ್ತದೆ.

೧೯೩೦ರಲ್ಲಿ ಪಾರ್ಶ್ವವಾಯು ಬಡಿದು ಅವರ ಮಾತೂ ಕುಂಚವೂ ಒಟ್ಟಿಗೆ ನಿಂತವು. ತೀರಿಕೊಂಡದ್ದು ಮಾತ್ರ ೧೯೩೮ರಲ್ಲಿ.