ಕಣ್ಸನ್ನೆಯನ್ನರಿಯುವ ಯಂತ್ರ

ಮೋಟಾರ್ ನ್ಯೂರಾನ್ ರೋಗವೆಂಬ ಕಠಿನವಾದ ಬೇನೆಯೊಂದುಂಟು. ಸ್ನಾಯುಗಳನ್ನು ಆಳುವ ನರಕೋಶಗಳು ಇದರಲ್ಲಿ ಕ್ರಮಕ್ರಮವಾಗಿ ನಶಿಸುತ್ತವೆ. ಕೈಕಾಲುಗಳು ಸ್ವಾಧೀನ ತಪ್ಪುತ್ತವೆ, ನಾಲಗೆ ಹೊರಳದಾಗುತ್ತದೆ. ಆದರೆ ಕಣ್ಣುಗುಡ್ಡೆಗಳನ್ನು ತಿರುಗಿಸುವ ಸ್ನಾಯುಗಳು ಸಾಮಾನ್ಯವಾಗಿ ಉಳಿದವುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಇಂಥ ರೋಗಿಗಳಿಗೆ ಕಣ್ಣೇ ಕೈ, ಕಣ್ಣೇ ನಾಲಗೆ. ಅವರು ದೃಷ್ಟಿ ನೆಟ್ಟ ಅಕ್ಷರವನ್ನು ಗುರುತಿಸಿ ಬರೆದು, ಬರೆದುದನ್ನು ಗಟ್ಟಿಯಾಗಿ ನುಡಿಯುವ ಗಣಕಯಂತ್ರಗಳು ಇಂದು ಬಳಕೆಯಲ್ಲಿವೆ. ಈ ಯಂತ್ರಗಳು ನೋಟವನ್ನು ಹೇಗೆ ಅರಿಯುತ್ತವೆ? ದಿನದಿನಕ್ಕೆ ಬದಲಾಗುವ ಮನುಷ್ಯನಿಗೆ ಅವು ಹೇಗೆ ಹೊಂದಿಕೊಳ್ಳಬೇಕು? ಇವೆರಡನ್ನೂ ಇಲ್ಲಿ ವಿಚಾರಮಾಡೋಣ.

ನೋಟದ ಜಾಡು

ಪರದೆಯ ಕೆಳಗಿರುವ ಪುಟ್ಟ ದೀಪಗಳು ನಮಗೆ ಕಾಣದ ಅವಕೆಂಪು ಬೆಳಕನ್ನು ಮುಖದ ಮೇಲೆ ಚೆಲ್ಲುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಮೇಲೆ ಆ ಬೆಳಕು ಚುಕ್ಕೆಯಾಗಿ ಹೊಳೆಯುತ್ತದೆ. ಕಣ್ಣು ಹೊರಳಿದಾಗ ಪಾಪೆ ಸರಿಯುತ್ತದೆ; ಹೊಳೆಯುವ ಚುಕ್ಕೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಅಂತರವನ್ನೂ ದಿಕ್ಕನ್ನೂ ಕ್ಯಾಮರಾದ ಚಿತ್ರದಿಂದ ಅಳೆದು, ದೃಷ್ಟಿ ಎಲ್ಲಿದೆಯೆಂದು ಯಂತ್ರ ಲೆಕ್ಕಹಾಕುತ್ತದೆ. ಒಬ್ಬರ ಕಣ್ಣಿನಂತೆ ಇನ್ನೊಬ್ಬರದಿರದ ಕಾರಣ, ಮೊದಲು ಪರದೆಯ ಕೆಲವು ಗುರುತುಗಳನ್ನು ಒಂದಾದಮೇಲೊಂದರಂತೆ ನೋಡಿಸಿ ಲೆಕ್ಕವನ್ನು ಸರಿಹೊಂದಿಸಿಕೊಳ್ಳಬೇಕು.

ಆದರೂ ಅರ್ಧದಿಂದ ಒಂದು ಡಿಗ್ರಿಯಷ್ಟು ತಪ್ಪು ಉಳಿಯುವುದು ಸಾಮಾನ್ಯ. ೬೦ ಸೆಂಟಿಮೀಟರು ದೂರದಲ್ಲಿ ಒಂದು ಡಿಗ್ರಿಯೆಂದರೆ ಪರದೆಯ ಮೇಲೆ ಸುಮಾರು ಒಂದು ಸೆಂಟಿಮೀಟರು. ಆದುದರಿಂದ ಕೀಲಿಗಳು ದೊಡ್ಡವಿರಬೇಕು. ನಮ್ಮ ೪೯ ವರ್ಣಗಳನ್ನೂ ಕಾಗುಣಿತ, ಒತ್ತಕ್ಷರಗಳನ್ನೂ ಅಂಥ ಒಂದೇ ಹಲಗೆಯ ಮೇಲೆ ಹರಡುವುದು ಎಷ್ಟು ಕಷ್ಟವೆಂಬುದನ್ನು ವಾಚಕರು ಊಹಿಸಬಹುದು.

ಹಣೆಗಣ್ಣಿನ ತೊಡಕು

ಪುಸ್ತಕ ಓದುತ್ತಿರುವ ಗೆಳೆಯನ ಕಣ್ಣುಗಳನ್ನು ಎದುರಿಗೆ ಕುಳಿತು ಗಮನಿಸಿ ನೋಡಿ. ಅವು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ನೆಗೆದು ನಿಂತು, ಮತ್ತೆ ನೆಗೆಯುತ್ತವೆ. ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜಾವಾಲ್ ೧೮೭೯ರಷ್ಟು ಹಿಂದೆಯೇ ಈ ವಿಷಯದತ್ತ ಗಮನ ಸೆಳೆದನು. ನಮ್ಮ ದೃಷ್ಟಿ ಸೆಕೆಂಡಿಗೆ ಸುಮಾರು ಮೂರು ಸಲ ತಾಣ ಬದಲಿಸುತ್ತದೆ.

ತೊಡಕು ಇಲ್ಲಿಯೇ ಹುಟ್ಟುತ್ತದೆ. ಕಣ್ಣಿನ ಸಹಜ ಧರ್ಮ ನೋಡುವುದೇ ಹೊರತು ಅಪ್ಪಣೆ ಕೊಡುವುದಲ್ಲ. ಶಿವನಿಗೆ ನೋಡಲು ಎರಡು ಕಣ್ಣು, ಸುಡಲು ಬೇರೆಯದೇ ಆದ ಮೂರನೆಯದೊಂದು ಕಣ್ಣು. ನಮ್ಮ ರೋಗಿಗಾದರೋ ನೋಡುವ ಕಣ್ಣೇ ಹಣೆಗಣ್ಣೂ ಆಗಬೇಕು! ಕಣ್ಣು ಬಿದ್ದ ಕಡೆಯೆಲ್ಲ ಯಂತ್ರ ಕೀಲಿಯೊತ್ತಿದರೆ ಗತಿಯೇನು? ಅಮೆರಿಕದ ನೌಕಾ ಸಂಶೋಧನಾಲಯದ ರಾಬರ್ಟ್ ಜೇಕಬ್ ೧೯೯೦ರಲ್ಲಿ ಈ ಸಮಸ್ಯೆಯನ್ನು, ಮುಟ್ಟಿದ್ದೆಲ್ಲ ಚಿನ್ನವಾಗಿ ಕಂಗೆಟ್ಟ ಗ್ರೀಕ್ ಕಥೆಯ ಮೈಡಾಸ್ ದೊರೆಯ ಸ್ಪರ್ಶಕ್ಕೆ ಹೋಲಿಸಿದನು.

ಇದಕ್ಕೆ ಬಳಕೆಯಲ್ಲಿರುವ ಪರಿಹಾರ ಸರಳವಾದುದು. ದೃಷ್ಟಿ ಒಂದು ಕೀಲಿಯ ಮೇಲೆ ಗೊತ್ತಾದಷ್ಟು ಹೊತ್ತು ತಂಗಿದರೆ ಮಾತ್ರ ಅದನ್ನು ಅಪ್ಪಣೆಯೆಂದು ಯಂತ್ರ ತಿಳಿಯುತ್ತದೆ. ಇದನ್ನು ತಂಗುವ ಕಾಲವೆನ್ನೋಣ. ಅದು ದೀರ್ಘವಾದರೆ ಬರವಣಿಗೆ ಆಮೆಯ ನಡಿಗೆಯಾಗುತ್ತದೆ. ತೀರ ಕಿರಿದಾದರೆ ಸುಮ್ಮನೆ ನೋಡಿದ ಅಕ್ಷರಗಳೂ ಅಚ್ಚಾಗುತ್ತವೆ.

ಹಾಗಾದರೆ ಎಷ್ಟಿರಬೇಕು? ಫಿನ್‌ಲೆಂಡಿನ ಟಾಂಪೆರೆ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೊಸದಾಗಿ ಕಲಿಯುವವರೇ ಈ ಕಾಲವನ್ನು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಬಿಟ್ಟರು. ಹತ್ತು ಅಭ್ಯಾಸಗಳಲ್ಲಿ ಅದು ಸರಾಸರಿ ೮೭೬ ಮಿಲಿಸೆಕೆಂಡುಗಳಿಂದ ೨೮೨ಕ್ಕೆ ಇಳಿಯಿತು. ಬರವಣಿಗೆಯ ವೇಗ ನಿಮಿಷಕ್ಕೆ ೬.೯ ಪದಗಳಿಂದ ೧೯.೯ಕ್ಕೆ ಏರಿತು. ತಪ್ಪುಗಳೂ ಹೆಚ್ಚಲಿಲ್ಲ. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಅಂಕಿ ಸಲ್ಲದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಏರು ಮತ್ತು ಇಳಿಜಾರು

ಅಭ್ಯಾಸದಿಂದ ಏರುವ ದಾರಿ ಇದಾಯಿತು. ರೋಗಿಯ ದಾರಿಯಲ್ಲಿ ಇಳಿಜಾರೂ ಉಂಟು. ಬೆಳಿಗ್ಗೆ ಚುರುಕಾಗಿದ್ದ ಕಣ್ಣು ಸಂಜೆಗೆ ದಣಿಯುತ್ತದೆ. ದಿಂಬಿನ ಮೇಲೆ ತಲೆ ಕೊಂಚ ವಾಲಿದರೆ ಬೆಳಗಿನ ಲೆಕ್ಕ ತಪ್ಪುತ್ತದೆ. ತಿಂಗಳುಗಳು ಕಳೆದಂತೆ ರೆಪ್ಪೆ ಜೋತು ಪಾಪೆಯನ್ನು ಮರೆಮಾಡಬಹುದು.

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರ (೧೯೪೨–೨೦೧೮) ಬಾಳು ಇದಕ್ಕೆ ನಿದರ್ಶನ. ೧೯೮೫ರಲ್ಲಿ ಮಾತು ಕಳೆದುಕೊಂಡ ಅವರು ಮೊದಲು ಕೈಯಲ್ಲಿ ಹಿಡಿದ ಗುಂಡಿಯೊತ್ತಿ ಬರೆಯುತ್ತಿದ್ದರು. ಕೈ ಸೋತಮೇಲೆ, ೨೦೦೮ರಲ್ಲಿ, ಕೆನ್ನೆಯ ಸ್ನಾಯುವಿನ ಮಿಡಿತವೇ ಗುಂಡಿಯಾಯಿತು. ಅದೂ ನಿಧಾನವಾಗುತ್ತ ಬಂದಾಗ ಕಣ್ಣಿನ ಯಂತ್ರವನ್ನು ಪರೀಕ್ಷಿಸಿದರು. ಆದರೆ ಜೋತ ರೆಪ್ಪೆಗಳ ದೆಸೆಯಿಂದ ಅದು ಅವರಿಗೆ ಒಗ್ಗಲಿಲ್ಲ. ಕಡೆಗೆ ಕೆನ್ನೆಯ ಸನ್ನೆಯನ್ನೇ ಉಳಿಸಿಕೊಂಡು, ಮುಂದಿನ ಪದವನ್ನು ಊಹಿಸುವ ಉಪಾಯದಿಂದ ಶ್ರಮವನ್ನು ತಗ್ಗಿಸಲಾಯಿತು.

ಈ ಏರಿಳಿತಗಳನ್ನು ಯಂತ್ರವೇ ಅರಿಯಬಲ್ಲುದೆ? ಒಂದು ಮಟ್ಟಿಗೆ ಅರಿಯಬಲ್ಲುದು. ಅಳಿಸುವ ಕೀಲಿಯ ಬಳಕೆ ಹೆಚ್ಚಿದರೆ ತಂಗುವ ಕಾಲವನ್ನು ಹಿಗ್ಗಿಸಬಹುದು. ಅಕ್ಷರ ಬಿದ್ದೊಡನೆ ಕಣ್ಣು ಮುಂದಕ್ಕೆ ಹಾರುತ್ತಿದ್ದರೆ, ಅದು ಯಂತ್ರಕ್ಕಾಗಿ ಕಾಯುತ್ತಿತ್ತೆಂದು ತಿಳಿದು ಕುಗ್ಗಿಸಬಹುದು. ಆರಿಸಿದ ಕೀಲಿಯ ನಡುವಿಗೂ ಅಳೆದ ನೋಟಕ್ಕೂ ಇರುವ ಅಂತರ ಸದಾ ಒಂದೇ ಕಡೆಗೆ ಬರುತ್ತಿದ್ದರೆ, ರೋಗಿಯನ್ನು ಮತ್ತೆ ಗುರುತು ನೋಡುವಂತೆ ಪೀಡಿಸದೆಯೇ ಲೆಕ್ಕವನ್ನು ತಿದ್ದಿಕೊಳ್ಳಬಹುದು.

ಯಜಮಾನನಾರು?

ಆದರೆ ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ಕಣ್ಣಿನಿಂದ ಬರೆಯುವವನು ಯಂತ್ರದ ಲಯಕ್ಕೆ ತನ್ನನ್ನು ಒಗ್ಗಿಸಿಕೊಂಡಿರುತ್ತಾನೆ. ಆ ಲಯ ಹೇಳದೆ ಕೇಳದೆ ಬದಲಾದರೆ ಅವನ ಗತಿ, ನಡೆಯುತ್ತಿರುವಾಗ ಮೆಟ್ಟಿಲಿನ ಎತ್ತರ ಬದಲಾದವನಂತಾಗುತ್ತದೆ. ತಪ್ಪು ತನ್ನ ಕಣ್ಣಿನದೋ ಯಂತ್ರದ್ದೋ ಎಂದು ತಿಳಿಯದೆ ಅವನು ತನ್ನ ದೇಹವನ್ನೇ ಶಂಕಿಸಬೇಕಾದೀತು. ಆದುದರಿಂದ ಬದಲಾವಣೆ ಸ್ವಲ್ಪಸ್ವಲ್ಪವಾಗಿ ಆಗಬೇಕು; ಆದುದು ಪರದೆಯ ಮೇಲೆ ಕಾಣಬೇಕು; ಬೇಡವೆಂದರೆ ಹಿಂದಕ್ಕೆ ಸರಿಯಬೇಕು. ಯಂತ್ರವನ್ನು ಹದಗೊಳಿಸುವ ಗುಂಡಿಗಳು, ಅದನ್ನು ಕೆಲಹೊತ್ತು ಸುಮ್ಮನಿರಿಸುವ ಗುಂಡಿ ಕೂಡ, ಕಣ್ಣಿಗೇ ಎಟುಕುವಂತಿರಬೇಕು. ಅವುಗಳಿಗಾಗಿ ಪರರ ಕೈಯನ್ನು ಕಾಯಬೇಕಾದರೆ, ತನ್ನ ಮಾತಿಗಾಗಿ ಆತ ಮತ್ತೆ ಪರಾಧೀನನೇ.

೨೦೧೭ರಲ್ಲಿ ವಿಂಡೋಸ್ ಗಣಕಗಳಿಗೂ, ೨೦೨೪ರಲ್ಲಿ ಐಫೋನುಗಳಿಗೂ ಕಣ್ಣಿನಿಂದ ನಡೆಸುವ ಸೌಕರ್ಯ ಬಂದಿತು. ನೋಟವನ್ನು ಅಳೆಯುವ ವಿದ್ಯೆ ಹೀಗೆ ಸುಲಭವಾಗುತ್ತಿದೆ. ಅಳೆದ ನೋಟದ ಹಿಂದಿರುವ ಇಚ್ಛೆಯನ್ನು ಅರಿತು, ಮನುಷ್ಯನ ದಣಿವಿಗೆ ತಕ್ಕಂತೆ ತಾಳ್ಮೆ ತೋರುವ ಯಂತ್ರವನ್ನು ರಚಿಸುವ ಕೆಲಸ ಇನ್ನೂ ಬಹಳ ಉಳಿದಿದೆ. ಶರೀರಶಾಸ್ತ್ರ, ದ್ಯುತಿವಿಜ್ಞಾನ, ಗಣಿತ ಮೂರೂ ಕೂಡಬೇಕಾದ ಈ ಕ್ಷೇತ್ರ ನಮ್ಮ ವಿದ್ಯಾರ್ಥಿಗಳಿಗಾಗಿ ತೆರೆದಿದೆ.