ಪದ ಒಂದು, ಅರ್ಥ ಇಬ್ಬರದು

ಧರ್ಮಗ್ರಂಥಗಳ ಕುರಿತು ಹಿಂದೊಮ್ಮೆ ಮಾತುಕತೆಯ ಕಾರ್ಯಕ್ರಮವೊಂದನ್ನು ಧ್ವನಿಮುದ್ರಿಸಿದ್ದೆವು. ಮೂರು ಧರ್ಮಗಳ ಮೂವರು ಹಿರಿಯರು. ಮೂವರ ಮುಂದೆಯೂ ಅವರವರ ಗ್ರಂಥ. ಅರ್ಧ ಗಂಟೆಯಲ್ಲಿ ‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂಬ ಮಾತು ನಾಲ್ಕಾರು ಬಾರಿ ಬಂತು. ಒಂದು ಗ್ರಂಥವನ್ನೂ ಯಾರೂ ತೆರೆಯಲಿಲ್ಲ. ತಪ್ಪು ನಿರ್ಮಾಪಕನಾದ ನನ್ನದೇ. ನಾನು ಅವರ ಅಭಿಪ್ರಾಯ ಕೇಳಿದ್ದೆ, ಓದಿ ಎಂದು ಕೇಳಿರಲಿಲ್ಲ.

ಕೂಡಿ ಓದುವುದೆಂದರೆ ಹೇಗೆ? 1990ರ ದಶಕದಲ್ಲಿ ಪೀಟರ್ ಓಕ್ಸ್, ಡೇವಿಡ್ ಫೋರ್ಡ್, ಡೇನಿಯಲ್ ಹಾರ್ಡಿ ಮೊದಲಾದ ವಿದ್ವಾಂಸರು ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಇದಕ್ಕೊಂದು ಕ್ರಮವನ್ನು ರೂಢಿಗೆ ತಂದರು. ಯೆಹೂದಿ, ಕ್ರೈಸ್ತ, ಮುಸ್ಲಿಂ ಓದುಗರು ಒಂದೇ ಮೇಜಿನ ಸುತ್ತ ಕುಳಿತು ಮೂರೂ ಗ್ರಂಥಗಳ ಸಣ್ಣ ಭಾಗಗಳನ್ನು ಸಾವಕಾಶವಾಗಿ ಓದುತ್ತಾರೆ. ಯಾರು ಯಾರ ಗ್ರಂಥದ ಬಗ್ಗೆಯೂ ಪ್ರಶ್ನೆ ಕೇಳಬಹುದು. ಒಮ್ಮತಕ್ಕೆ ಬರಲೇಬೇಕೆಂಬ ಕಟ್ಟುಪಾಡಿಲ್ಲ.

ಕೋಟದ ಕಡೆಯ ಓದುಗರಿಗೆ ಇದು ತೀರ ಹೊಸದೆನಿಸಲಾರದು. ನವರಾತ್ರಿಯಲ್ಲಿ ಮನೆಮನೆಗೆ ಬರುವ ಹೂವಿನಕೋಲನ್ನು ನೀವು ನೋಡಿರಬಹುದು. ಭಾಗವತರು ಪದ ಹೇಳುತ್ತಾರೆ. ಎದುರುಬದುರು ಕುಳಿತ ಪುಟ್ಟ ಹುಡುಗರು ಕೃಷ್ಣ, ಅರ್ಜುನರಾಗಿ ವಾದಿಸುತ್ತಾರೆ. ಹುಡುಗರದು ಬಹುಮಟ್ಟಿಗೆ ಬಾಯಿಪಾಠ. ದೊಡ್ಡವರ ತಾಳಮದ್ದಳೆಯಲ್ಲಿ ಹಾಗಲ್ಲ. ಪದ ಮಾತ್ರ ಮೊದಲೇ ಬರೆದದ್ದು, ಅರ್ಥ ಅಲ್ಲಿಯೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ, ‘ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?’ ಎಂದು ಕೇಳಿದರೆ ರಾಮ ಉತ್ತರಿಸಲೇಬೇಕು. ಕೈಮುಗಿದು ಸುಮ್ಮನಾದರೆ ಆಟವಿಲ್ಲ. ಇಂದಿನ ರಾಮ ನಾಳೆ ವಾಲಿಯಾಗುವುದೂ ಉಂಟು. ನಾನು ಬಿ.ಎಸ್ಸಿ. ಓದಿದವನು, ಒಬ್ಬನ ಪ್ರಯೋಗವನ್ನು ಇನ್ನೊಬ್ಬ ಮಾಡಿ ನೋಡಬೇಕೆಂಬ ಪಾಠ ನನಗೆ ಇಲ್ಲಿ ನೆನಪಾಗುತ್ತದೆ.

ಈ ಚಾವಡಿಗೆ ಬೇರೆ ಧರ್ಮದವರು ಬರಬಹುದೇ? ಬಂದಿದ್ದಾರೆ. ಸಂಪಾಜೆಯ ಜಬ್ಬಾರ್ ಸಮೋ ತಾಳಮದ್ದಳೆಯ ಹೆಸರಾಂತ ಅರ್ಥಧಾರಿ. ಅವರು ಪುರಾಣದ ಪಾತ್ರವಾಗಿ ಮಾತಿಗೆ ತೊಡಗಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಎದುರಾಳಿಯ ಮಾತಿಗೆ ತಕ್ಕ ಉತ್ತರ ಬಂತೇ? ಅರ್ಥಧಾರಿಯ ಸ್ವಂತ ನಂಬಿಕೆಯನ್ನು ಪಾತ್ರ ಕೇಳುವುದಿಲ್ಲ.

ಆದರೆ ಇದು ಒಂದೇ ದಿಕ್ಕಿನ ದಾರಿ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವರು ನಮ್ಮ ಪುರಾಣದೊಳಗೆ ಇಳಿದಷ್ಟು ನಮ್ಮಲ್ಲಿ ಎಷ್ಟು ಮಂದಿ ಕುರ್‌ಆನನ್ನೋ ಬೈಬಲನ್ನೋ ತೆರೆದಿದ್ದೇವೆ? ಎರಡೂ ಕನ್ನಡದಲ್ಲಿ ಸಿಗುತ್ತವೆ. ಅಲ್ಲಿ ತಾಳಮದ್ದಳೆಯ ಕ್ರಮ ನಡೆಯದು ಎಂಬುದೂ ನಿಜ. ಪ್ರವಾದಿಗಳ ಪಾತ್ರ ವಹಿಸಿ ಮಾತನಾಡುವುದನ್ನು ಮುಸ್ಲಿಮರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಥಲ್ಲಿ ಮೇಜಿನ ಸುತ್ತ ಕುಳಿತು ಪ್ರಶ್ನೆ ಕೇಳುವ ಕ್ರಮವೇ ಸರಿ.

ಇನ್ನೊಮ್ಮೆ ಅವಕಾಶ ಸಿಕ್ಕರೆ ‘ಅತಿಥಿ’ ಎಂಬ ಒಂದೇ ವಿಷಯ ಇಟ್ಟುಕೊಳ್ಳುತ್ತೇನೆ. ಪ್ರತಿ ಗ್ರಂಥದಿಂದ ಹತ್ತು ಸಾಲು ಸಾಕು. ಅಲ್ಲಿಯವರೆಗೆ ನೀವೂ ನೆರೆಮನೆಯವರೊಡನೆ ಒಂದು ಸಂಜೆ ಮಾಡಿ ನೋಡಬಹುದು. ಗ್ರಂಥ ಯಾರದೋ ಅವರು ಓದಲಿ. ಮೊದಲ ಪ್ರಶ್ನೆ ಮಾತ್ರ ಇನ್ನೊಬ್ಬರದಾಗಿರಲಿ.